ಕಲಾವಿದನಿಗೆ ಕೋಣೆ, ಮನೆಗೆ ತಿಂಗಳ ಖರ್ಚು

(ದೋಹಾದಲ್ಲಿ ನಮ್ಮ ವೇದಿಕೆಯ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಕಾರ ಅಲ್ಲ. ಸಾಗರದ ಕಡೆಯವನು, ಸರ್ಕಾರಿ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ ಇಲ್ಲಿಗೆ ಬಂದವನು. ಕಾರ್ಯದರ್ಶಿಗಳು ಫೋನ್ ಮಾಡಿ "ಈ ಸಲ ನೀನೂ ಹತ್ತು ನಿಮಿಷ ಮಾತಾಡಬೇಕು ಕಣಪ್ಪ" ಅಂದಾಗ, ರೂಮಿನಲ್ಲಿ ಒಂದೇ ಪ್ಲಗ್ಗಿಗೆ ನಾಲ್ಕು ಎಕ್ಸ್‌ಟೆನ್ಷನ್ ಹಾಕಬೇಡಿ ಅಂತ ಏನಾದರೂ ಹೇಳುತ್ತಾನೆ ಅಂದುಕೊಂಡಿದ್ದರು. ಅದನ್ನೂ ಹೇಳಿಬಿಟ್ಟೆ, ದಯವಿಟ್ಟು ಹಾಕಬೇಡಿ. ಆದರೆ ಇವತ್ತು ನಾನು ಆರಿಸಿಕೊಂಡ ವಿಷಯ ಬೇರೆ. ಕಲಾವಿದರ ರೆಸಿಡೆನ್ಸಿ.

ರೂಮಿನಲ್ಲಿ ಈ ವಿಷಯ ಹೇಳಿದ್ದೇ ತಡ, ನಮ್ಮ ಹುಡುಗರು ಎದ್ದು ಕೂತರು. "ಯಾವ ದೇಶದ್ದು? ಎಷ್ಟು ವರ್ಷದ್ದು? ಫ್ಯಾಮಿಲಿ ಕರ್ಕೊಂಡು ಹೋಗಬಹುದಾ?" ನಮಗೆ ರೆಸಿಡೆನ್ಸಿ ಅಂದರೆ ಆರ್‌ಪಿ, ಜೇಬಿನಲ್ಲಿರುವ ಐಡಿ ಕಾರ್ಡು. ಕಂಪನಿ ಕೆಲಸ ಇರುವ ತನಕ ಇರಬಹುದು, ಕೆಲಸ ಹೋದರೆ ಲೆಕ್ಕ ಬೇರೆ. ಕಲಾವಿದರ ರೆಸಿಡೆನ್ಸಿ ಅನ್ನೋದು ಬೇರೆ ಥರದ ವಾಸ. ಒಂದು ಸಂಸ್ಥೆ ಒಬ್ಬ ಕಲಾವಿದನನ್ನು ಕರೆಸಿಕೊಳ್ಳುತ್ತದೆ. ಎರಡು ವಾರ ಇರಬಹುದು, ಮೂರು ತಿಂಗಳಿರಬಹುದು, ಒಂದು ವರ್ಷವೂ ಇರಬಹುದು. ಇರೋದಕ್ಕೆ ಜಾಗ, ಕೆಲಸ ಮಾಡೋದಕ್ಕೆ ಕೋಣೆ, ಕೆಲವು ಕಡೆ ಊಟ, ಕೆಲವು ಕಡೆ ಕೈಖರ್ಚು. ಎಷ್ಟು ಪೀಸ್ ಮಾಡಿದೆ, ಎಷ್ಟು ಗಂಟೆ ಕೂತೆ ಅಂತ ದಿನಾ ಟೈಮ್‌ಶೀಟ್ ಬರೆಸೋದಿಲ್ಲ. ಅದೇ ಇದರ ವಿಶೇಷ.

ಇದು ಇವತ್ತು ನಿನ್ನೆಯ ಪದ್ಧತಿಯಲ್ಲ. 1666ರಲ್ಲಿ ಫ್ರಾನ್ಸಿನ ರಾಜ 14ನೇ ಲೂಯಿಯ ಕಾಲದಲ್ಲಿ ರೋಮ್ ನಗರದಲ್ಲಿ ಫ್ರೆಂಚ್ ಅಕಾಡೆಮಿ ಶುರುವಾಯಿತು. ತಮ್ಮ ದೇಶದ ಪ್ರತಿಭಾವಂತ ಹುಡುಗರು ಅಲ್ಲಿಗೆ ಹೋಗಿ ಹಳೆಯ ಶಿಲ್ಪಗಳನ್ನು ನೋಡಿ ಕಲಿತು ಬರಲಿ ಅಂತ ರಾಜನ ಖರ್ಚಿನಲ್ಲಿ ಕಳಿಸುತ್ತಿದ್ದರು. ಅದು ಈಗಲೂ ರೋಮಿನ ವಿಲ್ಲಾ ಮೆಡಿಚಿ ಕಟ್ಟಡದಲ್ಲಿ ನಡೀತಾ ಇದೆ.

ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಮ್ಯಾಕ್‌ಡೊವೆಲ್ ಅನ್ನೋ ಜಾಗ ಇದೆ, 1907ರದ್ದು. ಎಡ್ವರ್ಡ್ ಮ್ಯಾಕ್‌ಡೊವೆಲ್ ಅನ್ನೋ ಸಂಗೀತಗಾರ ಮತ್ತು ಅವರ ಹೆಂಡತಿ ಮೇರಿಯನ್ ಸೇರಿ ಶುರುಮಾಡಿದ್ದು. ಕಾಡಿನ ಮಧ್ಯೆ ಬಿಡಿಬಿಡಿ ಮನೆಗಳು. ಮಧ್ಯಾಹ್ನ ಊಟದ ಬುಟ್ಟಿಯನ್ನು ಬಾಗಿಲ ಹತ್ತಿರ ಸದ್ದಿಲ್ಲದೆ ಇಟ್ಟು ಹೋಗುತ್ತಾರೆ, ಒಳಗಿರುವವರ ಕೆಲಸ ಕೆಡಬಾರದು ಅಂತ. ಅಲ್ಲಿ ಇದ್ದು ಹೋದವರು ಒಂದು ಮರದ ಹಲಗೆಯ ಮೇಲೆ ತಮ್ಮ ಹೆಸರು ಬರೆದು ಹೋಗುತ್ತಾರೆ. ನಾವು ಡಿಬಿ ಬಾಗಿಲ ಒಳಗಡೆ ಸರ್ಕ್ಯೂಟ್ ಚಾರ್ಟ್ ಅಂಟಿಸುತ್ತೇವಲ್ಲ, ಮುಂದೆ ಬರುವವನಿಗೆ ಯಾವ ತಂತಿ ಎಲ್ಲಿಗೆ ಅಂತ ಗೊತ್ತಾಗಲಿ ಅಂತ. ಹಾಗೆ, ಯಾರು ಯಾರು ಇಲ್ಲಿ ಕೂತು ಕೆಲಸ ಮಾಡಿದರು ಅಂತ ಮುಂದಿನವನಿಗೆ ಗೊತ್ತಾಗುತ್ತದೆ.

ಕೆಲವು ರೆಸಿಡೆನ್ಸಿಗಳ ಹಿಂದೆ ರಾಜಕೀಯವೂ ಉಂಟು. 1961ರಲ್ಲಿ ಬರ್ಲಿನ್ ಗೋಡೆ ಎದ್ದಿತು. ಪಶ್ಚಿಮ ಬರ್ಲಿನ್ ದ್ವೀಪದ ಹಾಗೆ ಒಂಟಿಯಾಯಿತು. 1963ರಲ್ಲಿ ಅಮೆರಿಕದ ಫೋರ್ಡ್ ಫೌಂಡೇಶನ್ ದುಡ್ಡು ಕೊಟ್ಟು ಬೇರೆ ಬೇರೆ ದೇಶದ ಕಲಾವಿದರನ್ನು, ಬರಹಗಾರರನ್ನು ಅಲ್ಲಿಗೆ ಕರೆಸಲು ಶುರುಮಾಡಿತು. ಆಮೇಲೆ ಜರ್ಮನಿಯ ಡಿಎಎಡಿ ಸಂಸ್ಥೆ ಅದನ್ನು ವಹಿಸಿಕೊಂಡಿತು. ಗೋಡೆ ಬಿದ್ದಿತು, ಕಾರ್ಯಕ್ರಮ ಉಳಿಯಿತು.

ನಮ್ಮ ದೇಶದ ಕಡೆ ಬರೋಣ. 1982ರಲ್ಲಿ ಇಂಗ್ಲೆಂಡಿನ ಶಿಲ್ಪಿ ಆಂಟನಿ ಕೇರೋ ಮತ್ತು ರಾಬರ್ಟ್ ಲೋಡರ್ ಅನ್ನುವವರು ಸೇರಿ ಟ್ರಯಾಂಗಲ್ ಅನ್ನುವ ಕಲಾವಿದರ ಶಿಬಿರ ಶುರುಮಾಡಿದರು. ಅದರ ಬಳ್ಳಿ ಹಲವು ದೇಶಗಳಿಗೆ ಹಬ್ಬಿತು. 1997ರಲ್ಲಿ ದೆಹಲಿ ಹತ್ತಿರದ ಮೋದಿನಗರದಲ್ಲಿ ನಡೆದ ಶಿಬಿರದಿಂದ ಖೋಜ್ ಸಂಸ್ಥೆ ಹುಟ್ಟಿತು. ಈಗ ಅದು ದೆಹಲಿಯ ಖಿಡ್ಕಿ ಹಳ್ಳಿಯಲ್ಲಿದೆ. ನಮ್ಮ ಬೆಂಗಳೂರಿನ ಶಾಂತಿನಗರದಲ್ಲಿ ಸುರೇಶ್ ಜಯರಾಮ್ ಅವರು ತಮ್ಮ ಮನೆಯನ್ನೇ ಕಲಾವಿದರಿಗೆ ತೆರೆದರು. ಅದರ ವಿಳಾಸವೇ ಅದರ ಹೆಸರು: 1, ಶಾಂತಿ ರೋಡ್. ಮನೆ, ಸ್ಟುಡಿಯೋ, ಗ್ಯಾಲರಿ ಎಲ್ಲಾ ಒಂದೇ ಸೂರಿನಡಿ. ಹೊರದೇಶದ ಎಷ್ಟೋ ಕಲಾವಿದರು ಅಲ್ಲಿ ಉಳಿದುಕೊಂಡು ಬೆಂಗಳೂರನ್ನು ನೋಡಿ ಕೆಲಸ ಮಾಡಿದ್ದಾರೆ. ನಾಟಕದ ಕಡೆ ನೋಡಿದರೆ, ನಮ್ಮ ಸಾಗರದ ಪಕ್ಕದ ಹೆಗ್ಗೋಡಿನಲ್ಲಿ ನೀನಾಸಂ ಇದೆ. ಅದನ್ನು ರೆಸಿಡೆನ್ಸಿ ಅಂತ ಯಾರೂ ಕರೆಯೋದಿಲ್ಲ. ಆದರೆ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಒಂದೇ ಕಡೆ ಉಂಡು, ಮಲಗಿ, ಕಲಿಯುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಜೊತೆಯಲ್ಲಿದ್ದು ಕೆಲಸ ಮಾಡಿದರೆ ಮನುಷ್ಯ ಬೇರೆಯಾಗುತ್ತಾನೆ ಅನ್ನೋದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ಇಷ್ಟು ದೂರ ಯಾಕೆ? ಇಲ್ಲೇ ದೋಹಾದಲ್ಲಿ ಫೈರ್ ಸ್ಟೇಷನ್ ಇದೆ. ಎಷ್ಟೋ ಜನ ಟ್ಯಾಕ್ಸಿಯಲ್ಲಿ ಅದರ ಮುಂದೆ ಹಾದು ಹೋಗಿರುತ್ತೀರಿ. 1982ರಲ್ಲಿ ಸಿವಿಲ್ ಡಿಫೆನ್ಸ್‌ನವರಿಗಾಗಿ ಕಟ್ಟಿದ ನಿಜವಾದ ಅಗ್ನಿಶಾಮಕ ಠಾಣೆ ಅದು. ಅವರು ಅಲ್ಲಿಂದ ಹೋದ ಮೇಲೆ ಕೆಡವಲಿಲ್ಲ. ಇಬ್ರಾಹಿಂ ಅಲ್ ಜೈದಾ ಅನ್ನುವ ಇಲ್ಲಿಯ ವಾಸ್ತುಶಿಲ್ಪಿ ಅದನ್ನು ಕಲಾವಿದರ ಸ್ಟುಡಿಯೋಗಳಾಗಿ ಬದಲಾಯಿಸಿದರು. ಬೆಂಕಿ ಆರಿಸುವ ಗಾಡಿ ನಿಲ್ಲುತ್ತಿದ್ದ ಜಾಗ ಈಗ ಗ್ಯಾಲರಿ, ಹೆಸರೂ ಗ್ಯಾರೇಜ್ ಗ್ಯಾಲರಿ ಅಂತಲೇ. ಆಯ್ಕೆಯಾದವರಿಗೆ ಸುಮಾರು ಒಂಬತ್ತು ತಿಂಗಳು ಸ್ಟುಡಿಯೋ ಕೊಡುತ್ತಾರೆ, ಕೊನೆಯಲ್ಲಿ ಪ್ರದರ್ಶನ. ಮುಖ್ಯವಾದ ಮಾತು ಕೇಳಿ: ಅದು ಕತಾರಿಗಳಿಗೆ ಮಾತ್ರ ಅಲ್ಲ, ಇಲ್ಲಿ ವಾಸ ಇರುವ ಬೇರೆ ದೇಶದವರಿಗೂ ತೆರೆದ ಕಾರ್ಯಕ್ರಮ. ಅಂದರೆ ನಿಮ್ಮ ಜೇಬಿನಲ್ಲಿರುವ ಆ ಕಾರ್ಡು ಈ ರೆಸಿಡೆನ್ಸಿಗೂ ಒಂದು ಬಾಗಿಲು. ಎರಡು ರೆಸಿಡೆನ್ಸಿಗಳೂ ಒಂದು ಕಡೆ ಸೇರುವ ಜಾಗ ಅದು.

ಎಲೆಕ್ಟ್ರಿಷಿಯನ್‌ಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳಬಹುದು. ಎರಡು ವರ್ಷದ ಹಿಂದೆ ನಮ್ಮ ಕಂಪನಿಗೆ ಒಂದು ಪ್ರದರ್ಶನದ ತಾತ್ಕಾಲಿಕ ವೈರಿಂಗ್ ಕೆಲಸ ಬಂದಿತ್ತು. ರೆಸಿಡೆನ್ಸಿ ಮೇಲೆ ಬಂದಿದ್ದ ಒಬ್ಬರು ಕಲಾವಿದೆಗೆ ನಲವತ್ತು ಸಣ್ಣ ಬಲ್ಬುಗಳನ್ನು ತೂಗುಹಾಕಬೇಕಿತ್ತು. ಅವು ಉರಿಯಬೇಕು, ಆದರೆ ಉರಿಯುತ್ತಿದೆಯೋ ಇಲ್ಲವೋ ಅನ್ನುವಷ್ಟು ಸಣ್ಣಗೆ. ಎಲ್‌ಇಡಿ ಬಲ್ಬಿಗೆ ಹಳೆಯ ಡಿಮ್ಮರ್ ಹಾಕಿದರೆ ಏನಾಗುತ್ತೆ ಅಂತ ನಮ್ಮ ಟ್ರೇಡಿನವರಿಗೆ ಗೊತ್ತು, ಸ್ವಲ್ಪ ಇಳಿಸಿದರೆ ಮಿಣಮಿಣ ಅನ್ನುತ್ತೆ, ಇನ್ನೂ ಇಳಿಸಿದರೆ ಫಟ್ ಅಂತ ಆರಿಹೋಗುತ್ತೆ. ಬಲ್ಬಿಗೆ ಹೊಂದುವ ಡ್ರೈವರ್ ಹುಡುಕಿ, ಸರ್ಕ್ಯೂಟ್ ಬೇರೆ ಮಾಡಿ, ಆರ್‌ಸಿಡಿ ಹಾಕಿ, ಮೂರು ದಿನದಲ್ಲಿ ಸರಿಮಾಡಿದೆ.

ಆ ಮೂರು ದಿನ ನಾನು ಕಂಡದ್ದು ಬೇರೆ. ಆಕೆ ಬಂದು ಮೂರು ವಾರ ಆಗಿತ್ತು. ಆ ಮೂರು ವಾರದಲ್ಲಿ ಮಾಡಿದ್ದು ಒಂದೇ ಒಂದು ನೋಟ್‌ಬುಕ್ ತುಂಬಾ ಗೀಚಿದ್ದು. ಸಂಜೆ ಹೊತ್ತು ಕಾರ್ನಿಷ್ ಕಡೆ ಹೋಗಿ ಸಮುದ್ರದಾಚೆ ಒಂದೊಂದೇ ಹತ್ತಿಕೊಳ್ಳುವ ದೀಪ ನೋಡುತ್ತಿದ್ದರಂತೆ. ನಮ್ಮ ಫೋರ್‌ಮನ್ ನನ್ನ ಕಿವಿಯಲ್ಲಿ "ಇದಕ್ಕೂ ಸಂಬಳ ಕೊಡ್ತಾರೇನೋ?" ಅಂದ. ಅವನು ಕೇಳಿದ್ದು ತಮಾಷೆಗೆ, ನನಗೆ ಆ ಮಾತು ತಲೆಯಲ್ಲಿ ಉಳೀತು. ನಮ್ಮ ಕೆಲಸದಲ್ಲಿ ಪಾಯಿಂಟ್ ಲೆಕ್ಕ. ದಿನಕ್ಕೆ ಇಷ್ಟು ಪಾಯಿಂಟ್, ಇಷ್ಟು ಮೀಟರ್ ಕೇಬಲ್ ಎಳೆದರೆ ಕೆಲಸ ಆಯಿತು ಅಂತ. ಆದರೆ ಫಾಲ್ಟ್ ಹುಡುಕುವಾಗ? ಒಂದು ಕಟ್ಟಡದಲ್ಲಿ ಬ್ರೇಕರ್ ಸುಮ್ಮನೆ ಟ್ರಿಪ್ ಆಗುತ್ತಿದ್ದರೆ ಒಳ್ಳೆಯ ಎಲೆಕ್ಟ್ರಿಷಿಯನ್ ಮೊದಲು ಏನೂ ಮುಟ್ಟೋದಿಲ್ಲ. ನಿಂತು ನೋಡುತ್ತಾನೆ. ಯಾವ ಹೊತ್ತಿಗೆ ಟ್ರಿಪ್ ಆಗುತ್ತೆ, ಏಸಿ ಹಾಕಿದಾಗಲೋ, ನೀರಿನ ಪಂಪ್ ಹತ್ತಿದಾಗಲೋ ಅಂತ. ಆ ನಿಂತು ನೋಡುವ ಹೊತ್ತು ಟೈಮ್‌ಶೀಟಿನಲ್ಲಿ ಬರೋದಿಲ್ಲ, ಆದರೆ ಅದಿಲ್ಲದಿದ್ದರೆ ಫಾಲ್ಟ್ ಸಿಗೋದಿಲ್ಲ. ಕಲಾವಿದರಿಗೆ ರೆಸಿಡೆನ್ಸಿ ಕೊಡುವುದು ಆ ಹೊತ್ತನ್ನು. ಇದು ಅರ್ಥವಾದ ಮೇಲೆ ನಾನು ರಜೆ ಸಿಕ್ಕಾಗ ಪ್ರದರ್ಶನಗಳಿಗೆ ಹೋಗೋದಕ್ಕೆ ಶುರುಮಾಡಿದೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ನನ್ನ ರೂಮಿನಲ್ಲಿ ಒಬ್ಬ ಗೆಳೆಯ ಇದ್ದಾನೆ. ಇವತ್ತು ಇದೇ ಸಭೆಯಲ್ಲಿ ಹಿಂದುಗಡೆ ಕೂತಿದ್ದಾನೆ. ಹೆಸರು ಹೇಳಬೇಡ ಅಂದಿದ್ದಾನೆ, ವಿಷಯ ಹೇಳೋದಕ್ಕೆ ಒಪ್ಪಿದ್ದಾನೆ. ಸೊರಬದ ಕಡೆಯ ಗುಡಿಗಾರರ ಮನೆಯವನು. ಗುಡಿಗಾರರು ಅಂದರೆ ಗಂಧದ ಕೆತ್ತನೆಗೆ ಹೆಸರಾದವರು, ನಮ್ಮ ಶಿವಮೊಗ್ಗ, ಉತ್ತರ ಕನ್ನಡದ ಕಡೆಯವರಿಗೆ ಹೇಳಬೇಕಾಗಿಲ್ಲ. ಅಪ್ಪನ ಹತ್ತಿರ ಉಳಿ ಹಿಡಿಯೋದು ಕಲಿತವನು. ಮನೆಯಲ್ಲಿ ಅದರಿಂದ ಹೊಟ್ಟೆ ತುಂಬಲಿಲ್ಲ, ಇಲ್ಲಿಗೆ ಶಟರಿಂಗ್ ಕಾರ್ಪೆಂಟರ್ ಆಗಿ ಬಂದ. ಬೇಸಿಗೆಯಲ್ಲಿ ಇಲ್ಲಿ ಹಗಲು 10ರಿಂದ 3.30ರವರೆಗೆ ಹೊರಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲವಲ್ಲ, ಆ ಹೊತ್ತಿನಲ್ಲಿ ಎಲ್ಲರೂ ಮಲಗಿದರೆ ಇವನು ಸೈಟಿನಲ್ಲಿ ಉಳಿದ ಬಿಳಿ ಮರದ ತುಂಡು ತಂದು ಕೆತ್ತುತ್ತಾನೆ.

ಅವನು ಕೆತ್ತುವುದು ದೇವರಲ್ಲ, ಆನೆಯೂ ಅಲ್ಲ. ಕಂಪನಿ ಬಸ್ಸಿನಲ್ಲಿ ನಿದ್ದೆ ಮಾಡುವ ಮನುಷ್ಯರು. ಬೆರಳುದ್ದದ ಗೊಂಬೆಗಳು. ಒಬ್ಬನ ತಲೆ ಕಿಟಕಿಗೆ ಒರಗಿದೆ, ಒಬ್ಬನದು ಪಕ್ಕದವನ ಹೆಗಲ ಮೇಲೆ, ಒಬ್ಬ ಹೆಲ್ಮೆಟ್ಟನ್ನು ತೊಡೆ ಮೇಲೆ ಮಗುವಿನ ಹಾಗೆ ಹಿಡಿದುಕೊಂಡಿದ್ದಾನೆ. ಒಂದು ಹಲಗೆಯ ಮೇಲೆ ಇಪ್ಪತ್ತಮೂರು ಜನ. ರೂಮಿನಲ್ಲಿ ನಮ್ಮ ನಮ್ಮ ಗೊಂಬೆ ಯಾವುದು ಅಂತ ನಾವೇ ಗುರುತು ಹಿಡಿದೆವು.

ನಾನು ಫೋಟೋ ತೆಗೆದೆ, ಒಬ್ಬರು ಮೇಡಂ ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಟ್ಟರು, ಯುರೋಪಿನ ಒಂದು ಸಣ್ಣ ಸಂಸ್ಥೆಗೆ ಅರ್ಜಿ ಹಾಕಿದೆವು. ಆರು ವಾರದ ರೆಸಿಡೆನ್ಸಿ. ಆಯ್ಕೆ ಆಗಿಬಿಟ್ಟ! ಟಿಕೆಟ್ ಅವರದು, ಇರೋದು ಅವರದು, ಊಟ ಅವರದು, ಮರ, ಉಪಕರಣ ಅವರದು. ಕಂಪನಿಯವರೂ ಸಂಬಳವಿಲ್ಲದ ರಜೆಗೆ ಒಪ್ಪಿದರು. ನಾವು ಬಿರಿಯಾನಿ ತರಿಸಿ ಪಾರ್ಟಿ ಮಾಡಿದೆವು. ಎರಡು ದಿನ ಬಿಟ್ಟು ಅವನು ಹೇಳಿದ್ದು ಒಂದೇ ಮಾತು. "ಅಲ್ಲಿ ನನಗೆ ಊಟ ಹಾಕ್ತಾರೆ ಸರಿ ಕಣೋ. ಆರು ವಾರ ನಾನು ದುಡ್ಡು ಕಳಿಸದಿದ್ರೆ ಊರಲ್ಲಿ ಊಟ ಯಾರು ಹಾಕ್ತಾರೆ?"

ಅಮ್ಮನ ಔಷಧಿ, ಮಗಳ ಶಾಲೆ ಫೀಸು, ಸೊಸೈಟಿ ಸಾಲದ ಕಂತು. ಅವನು ಹೋಗಲಿಲ್ಲ. ಆ ಸಂಸ್ಥೆಯವರು ಒಳ್ಳೆಯವರು, ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿ ಅಂತ ಬರೆದರು. ಇದರಲ್ಲಿ ಯಾರದ್ದೂ ತಪ್ಪಿಲ್ಲ. ಆದರೆ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ರೂಮಿನ ಹುಡುಗರು ಕೇಳಿದ್ದರಲ್ಲ, ಫ್ಯಾಮಿಲಿ ಕರ್ಕೊಂಡು ಹೋಗಬಹುದಾ ಅಂತ. ಆ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಹೆಚ್ಚಿನ ರೆಸಿಡೆನ್ಸಿಗಳು ಕಲಾವಿದ ಅಂದರೆ ಒಂಟಿ ಮನುಷ್ಯ ಅಂದುಕೊಂಡು ಲೆಕ್ಕ ಹಾಕುತ್ತವೆ. ಒಂದು ಮಂಚ, ಒಂದು ಮೇಜು, ಒಂದು ಊಟದ ಬುಟ್ಟಿ. ಅವನ ಹಿಂದೆ ಇರುವ ನಾಲ್ಕು ತಟ್ಟೆ ಅವರಿಗೆ ಕಾಣೋದಿಲ್ಲ. ಸಣ್ಣ ಮಕ್ಕಳಿರುವ ಹೆಂಗಸರ ಪಾಡು ಇನ್ನೂ ಕಷ್ಟ.

ನಮ್ಮ ಮಲೆನಾಡಿನಲ್ಲಿ ದೀವರ ಹೆಂಗಸರು ಮದುವೆ ಮನೆಯ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಅವರಿಗೆ ಯಾರೂ ಕೋಣೆ ಕೊಡಲಿಲ್ಲ, ಬುಟ್ಟಿಯಲ್ಲಿ ಊಟ ತಂದಿಡಲಿಲ್ಲ. ಕೊಟ್ಟಿಗೆ ಕೆಲಸ, ಗದ್ದೆ ಕೆಲಸ, ಅಡುಗೆ ಮುಗಿಸಿ ಆ ಗೆರೆ ಎಳೆದರು. ಹಾಗಾದರೆ ಕಲೆಗೆ ರೆಸಿಡೆನ್ಸಿ ಯಾಕೆ ಬೇಕು ಅಂತ ಕೆಲವರು ವಾದ ಮಾಡಬಹುದು. ನಾನು ಹೇಳೋದು, ಬಿಡುವಿಲ್ಲದೆ ಅಷ್ಟು ಮಾಡಿದವರಿಗೆ ಬಿಡುವು ಸಿಕ್ಕಿದ್ದರೆ ಇನ್ನೇನು ಮಾಡುತ್ತಿದ್ದರೋ! ಅವರು ಹೇಗೋ ನಿಭಾಯಿಸಿದರು ಅಂತ ನಾವು ಕೈಕಟ್ಟಿ ಕೂರೋದು ನ್ಯಾಯವಲ್ಲ.

ನಮ್ಮ ಜಿಲ್ಲೆಯವರೇ ಒಬ್ಬರ ಉದಾಹರಣೆ ಕೊಡ್ತೀನಿ. ಶೀಲಾ ಗೌಡ, 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದವರು. 2006ರಲ್ಲಿ ಅವರು ಟಾರು ಡ್ರಮ್ಮುಗಳಿಂದ 'ಡಾರ್ಕ್‌ರೂಮ್' ಅನ್ನುವ ಕೃತಿ ಮಾಡಿದರು. ರಸ್ತೆ ಕೆಲಸದವರು ಅಂಥ ಡ್ರಮ್ಮಿನ ತಗಡಿನಲ್ಲೇ ಗುಡಿಸಲು ಹಾಕಿಕೊಳ್ಳುವುದನ್ನು ನಾವೆಲ್ಲ ನೋಡಿದ್ದೇವೆ. ಆ ಕೃತಿಯ ಒಳಗೆ ಬಗ್ಗಿ ಹೋಗಿ ನೋಡಿದರೆ ಮೇಲಿನ ತೂತುಗಳಿಂದ ಬೆಳಕು ನಕ್ಷತ್ರದ ಹಾಗೆ ಕಾಣುತ್ತದೆ. 2009ರಲ್ಲಿ ವೆನಿಸ್ ಬಿನಾಲೆಯಲ್ಲಿ 'ಬಿಹೋಲ್ಡ್' ಅನ್ನುವ ಕೃತಿ ಇಟ್ಟರು. ಕಾರಿನ ಬಂಪರುಗಳು, ಮನುಷ್ಯರ ಕೂದಲಿನ ಹಗ್ಗ. ದೃಷ್ಟಿಯಾಗದಿರಲಿ ಅಂತ ನಮ್ಮ ಕಡೆ ಗಾಡಿಗೆ ಕಟ್ಟುತ್ತಾರಲ್ಲ, ಆ ಹಗ್ಗ. ಅದು ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅಂದರೆ ನಾವು ದಿನಾ ಮುಟ್ಟುವ ವಸ್ತುಗಳು ಜಗತ್ತಿನ ದೊಡ್ಡ ಗ್ಯಾಲರಿಗಳಿಗೆ ಈಗಾಗಲೇ ಹೋಗಿವೆ. ಆ ವಸ್ತುಗಳನ್ನು ದಿನಾ ಮುಟ್ಟುವ ಕೈಗಳೂ ಹೋಗಲಿ ಅನ್ನೋದು ನನ್ನ ಆಸೆ.

ನಿಮ್ಮಲ್ಲಿ ಚಿತ್ರ ಬರೆಯುವವರು, ಬೋರ್ಡ್ ಬರೆಯುವವರು, ಮಣ್ಣಿನ ಗಣಪತಿ ಮಾಡಿದವರು, ಫೋಟೋ ತೆಗೆಯುವವರು ಇದ್ದೀರಿ. ನಿಮಗೆ ನಾಲ್ಕು ಉಪಯೋಗದ ಮಾತು. ಎಷ್ಟೋ ರೆಸಿಡೆನ್ಸಿಗಳಿಗೆ ಡಿಗ್ರಿ ಕಡ್ಡಾಯವಲ್ಲ. ಸಾಮಾನ್ಯವಾಗಿ ಕೇಳುವುದು ಹತ್ತಿಪ್ಪತ್ತು ಒಳ್ಳೆಯ ಫೋಟೋ, ನಾನು ಏನು ಮಾಡುತ್ತೇನೆ ಯಾಕೆ ಮಾಡುತ್ತೇನೆ ಅಂತ ಒಂದು ಪುಟ, ಅಲ್ಲಿ ಬಂದು ಏನು ಮಾಡಬೇಕು ಅಂತಿದ್ದೇನೆ ಅಂತ ಒಂದು ಪುಟ. ಫೋಟೋವನ್ನು ಟ್ಯೂಬ್‌ಲೈಟ್ ಕೆಳಗೆ ತೆಗೆಯಬೇಡಿ. ಬೆಳಗ್ಗೆ ಕಿಟಕಿ ಹತ್ತಿರ, ನೇರ ಬಿಸಿಲು ಬೀಳದ ಕಡೆ, ಹಿಂದೆ ಬಿಳಿ ಬಟ್ಟೆ ಕಟ್ಟಿ ತೆಗೆಯಿರಿ. ಬೆಳಕಿನ ವಿಷಯ, ನನ್ನ ಮಾತು ನಂಬಿ.

ಆಮೇಲೆ ಎಲ್ಲಾ ರೆಸಿಡೆನ್ಸಿಗಳೂ ಒಂದೇ ಅಲ್ಲ. ಕೆಲವು ಎಲ್ಲಾ ಖರ್ಚು ಕೊಡುತ್ತವೆ, ಕೆಲವು ಕೋಣೆ ಮಾತ್ರ, ಇನ್ನು ಕೆಲವು ಕಲಾವಿದನಿಂದಲೇ ಬಾಡಿಗೆ ತೆಗೆದುಕೊಳ್ಳುತ್ತವೆ. ನಾವು ಇಲ್ಲಿಗೆ ಬರುವ ಮುಂಚೆ ಏಜೆಂಟನ ಹತ್ತಿರ ಕೇಳಬೇಕಾದ ಪ್ರಶ್ನೆಗಳೇ ಇಲ್ಲೂ ಕೇಳಿ. ಟಿಕೆಟ್ ಯಾರದು? ವೀಸಾ ಖರ್ಚು ಯಾರದು? ಕಾಯಿಲೆ ಬಿದ್ದರೆ ಇನ್ಶೂರೆನ್ಸ್ ಇದೆಯಾ? ಮಾಡಿದ ಕೃತಿ ಯಾರಿಗೆ ಸೇರುತ್ತದೆ? ಅರ್ಜಿಗೆ ಫೀಸು ಎಷ್ಟು, ಯಾಕೆ? ಬಾಯಿಮಾತು ಬೇಡ, ಬರಹದಲ್ಲಿ ಕೊಡಲಿ. ಕಾಂಟ್ರಾಕ್ಟ್ ಓದದೆ ಸಹಿ ಹಾಕಿದರೆ ಏನಾಗುತ್ತೆ ಅಂತ ನಮಗಿಂತ ಚೆನ್ನಾಗಿ ಗೊತ್ತಿರುವವರು ಯಾರು?

ಕೊನೆಯದಾಗಿ ನನ್ನ ಬೇಡಿಕೆ, ಸಮಿತಿಯವರು ದಯವಿಟ್ಟು ಕೇಳಿಸಿಕೊಳ್ಳಿ. ಎರಡು ಕೆಲಸ ಮಾಡೋಣ.

ಒಂದು, ನಮ್ಮ ವೇದಿಕೆಯ ಸಾಮಾನು ಇಡುವ ಕೋಣೆ ಇದೆಯಲ್ಲ, ಬ್ಯಾನರು, ಮೈಕ್ ಸ್ಟ್ಯಾಂಡು, ಹಳೆಯ ಕುರ್ಚಿ ತುಂಬಿರುವುದು. ಅದರಲ್ಲಿ ಅರ್ಧ ಖಾಲಿ ಮಾಡಿ, ಎರಡು ತಿಂಗಳಿಗೆ ಒಬ್ಬ ಸದಸ್ಯನಿಗೆ ಕೀಲಿ ಕೊಡೋಣ. ಶುಕ್ರವಾರ ಬಂದು ಅವನು ಏನು ಬೇಕಾದರೂ ಮಾಡಲಿ. ಏನು ಮಾಡಿದೆ ಅಂತ ಕೇಳುವುದು ಬೇಡ. ವೈರಿಂಗ್, ಲೈಟು, ಎಕ್ಸಾಸ್ಟ್ ಫ್ಯಾನ್ ನನ್ನ ಜವಾಬ್ದಾರಿ, ಕೂಲಿ ಬೇಡ.

ಎರಡು, ನಮ್ಮವರು ಯಾರಾದರೂ ಹೊರಗಿನ ರೆಸಿಡೆನ್ಸಿಗೆ ಆಯ್ಕೆಯಾದರೆ, ಅಷ್ಟು ದಿನ ಅವರ ಮನೆಗೆ ಹೋಗುವ ದುಡ್ಡನ್ನು ವೇದಿಕೆ ಕಳಿಸಲಿ. ಇನ್ನೂರು ಜನ ವರ್ಷಕ್ಕೆ 20 ರಿಯಾಲ್ ಕೊಟ್ಟರೆ 4,000 ರಿಯಾಲ್ ಆಗುತ್ತದೆ. ನಮ್ಮಂಥವರ ಮನೆಗೆ ಆರು ವಾರದ ಖರ್ಚಿಗೆ ಅದು ಸಾಕು.

ಇದನ್ನು ಕೇಳಿದ ಒಬ್ಬರು ಹಿರಿಯರು ನನಗೆ ಮೊನ್ನೆಯೇ ಹೇಳಿದರು: "ಕಾಯಿಲೆ ಬಿದ್ದವರಿದ್ದಾರೆ, ಕೆಲಸ ಕಳಕೊಂಡವರಿದ್ದಾರೆ, ಹೆಣ ಊರಿಗೆ ಕಳಿಸೋದಕ್ಕೆ ಚಂದಾ ಎತ್ತುತ್ತೀವಿ. ಅದರ ಮಧ್ಯೆ ಇದು ಬೇಕಾ?" ಅವರ ಮಾತು ಸರಿ. ಆ ನಿಧಿಯಿಂದ ಒಂದು ರಿಯಾಲೂ ತೆಗೆಯಬಾರದು. ನಾನು ಕೇಳುವುದು ಬೇರೆ ಕಡೆಯಿಂದ. ವರ್ಷಕ್ಕೊಂದು ಸಲ ನಾವು ಊರಿಂದ ಅತಿಥಿ ಕರೆಸುತ್ತೇವೆ, ಹೋಟೆಲ್, ಹಾರ, ಶಾಲು, ಪೇಟ. ಸಂತೋಷ. ಅತಿಥಿಗೆ ಮಾಡುವ ಖರ್ಚಿನ ಪಕ್ಕದಲ್ಲಿ ನಮ್ಮೊಳಗಿನ ಒಬ್ಬನಿಗೂ ಒಂದು ಸಾಲು ಇರಲಿ. ಇಲ್ಲಿ ಸತ್ತವರನ್ನು ಮರ್ಯಾದೆಯಿಂದ ಊರಿಗೆ ಕಳಿಸುವ ವೇದಿಕೆ, ಬದುಕಿರುವವನ ಕೈಯಲ್ಲಿರುವ ವಿದ್ಯೆಯನ್ನೂ ಒಂದು ಕಡೆ ಕಳಿಸಿಕೊಡಲಿ.

ನನ್ನ ಗೆಳೆಯನ ಮುಂದಿನ ಅರ್ಜಿಗೆ ಮಾರ್ಚ್ ಕೊನೆಯ ತನಕ ಸಮಯ ಇದೆ. ಬಸ್ಸಿನ ಇಪ್ಪತ್ತಮೂರು ಜನರನ್ನು ಒಂದು ರಟ್ಟಿನ ಡಬ್ಬಿಯಲ್ಲಿ ಹತ್ತಿ ಸುತ್ತಿ ಇಟ್ಟಿದ್ದಾನೆ. ಇವತ್ತು ತಂದಿದ್ದಾನೆ, ಊಟದ ಹಾಲಿನ ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಿದೆ. ಸಾಲಿನಲ್ಲಿ ನಿಂತಾಗ ಒಮ್ಮೆ ನೋಡಿ. ಆಮೇಲೆ ಸಮಿತಿಯವರು ತೀರ್ಮಾನ ಮಾಡಲಿ.

 ಜೈ ಕರ್ನಾಟಕ.